ಬಿಡುವಿನ ವೇಳೆ ಯಾರದು?

ಗ್ರಾಮೀಣ ಮಹಿಳೆಯರಿಗೆಂದು ಏರ್ಪಡಿಸುವ ತರಬೇತಿ ಶಿಬಿರಗಳ ಉದ್ಘಾಟನಾ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ರೈತ ಮಹಿಳೆಯರು ಬಿಡುವಿನ ವೇಳೆಯಲ್ಲಿ ಕೈಮಗ್ಗದ ನೇಯ್ಗೆ, ನೂಲಿಗೆ ಬಣ್ಣ ಹಾಕುವುದು ಮುಂತಾದ ಉಪಕಸುಬುಗಳನ್ನು ಕಲಿತುಕೊಂಡರೆ ಸಂಸಾರಕ್ಕೆ ನಾಲ್ಕು ಕಾಸು ಹೆಚ್ಚು ಬರುತ್ತದೆ. ವೇದಿಕೆಯ ಮೇಲಿದ್ದವರು ತಲೆದೂಗುತ್ತಾರೆ. ಎದುರಿಗೆ ಕುಳಿತ ಹೆಂಗಸರು ಹೊತ್ತು ನೋಡುತ್ತಿರುತ್ತಾರೆ. ಸಂಜೆ ಹಾಲು ಕರೆಯುವ ಸಮಯಕ್ಕೆ ಅವರು ಮನೆ ಸೇರಬೇಕು. ಈ ‘ಬಿಡುವಿನ ವೇಳೆ’ ಎನ್ನುವುದು ಏನು, ಅದು ಯಾರ ಬಳಿ ಇದೆ ಎಂಬ ಸರಳ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದನ್ನು ಎತ್ತಲು ಕನಕಪುರಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲವೆಂದು ನಮಗೆ ಅನಿಸುತ್ತದೆ.

ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ - ಇದು ರೇಷ್ಮೆಯ ಸೀಮೆ. 2007ರಲ್ಲಿ ರಾಮನಗರ ಜಿಲ್ಲೆಯಾದ ಈ ಭಾಗಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಟ್ಟರು. ಹೆಸರು ಏನೇ ಆಗಲಿ, ಹೊಲದಲ್ಲಿ ಹಿಪ್ಪುನೇರಳೆ, ಮನೆಯಲ್ಲಿ ಹುಳು ಎಂಬ ಕ್ರಮ ಬದಲಾಗಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಜನರನ್ನು ಕಳಿಸಿ ತರಿಸಿದ ಹುಳುವಿನಿಂದ ಮೈಸೂರು ಸೀಮೆಯಲ್ಲಿ ಬೇರೂರಿದ ಕಸುಬು ಇದು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಸೊಪ್ಪು ಬೆಳೆದು ಹುಳು ಸಾಕುವವರು ಹೆಚ್ಚಾಗಿ ಒಕ್ಕಲಿಗರು, ದಲಿತರು, ಹಿಂದುಳಿದ ಸಣ್ಣಪುಟ್ಟ ರೈತರು; ಗೂಡಿನಿಂದ ನೂಲು ಬಿಚ್ಚುವವರಲ್ಲಿ ಮುಸ್ಲಿಮರೇ ಹೆಚ್ಚು; ನೇಯುವವರು ಮತ್ತೆಲ್ಲೋ, ಕಂಚಿಯಲ್ಲಿ, ಧರ್ಮಾವರಂನಲ್ಲಿ, ವಾರಾಣಸಿಯಲ್ಲಿ. ಕನಕಪುರದ ಸೊಪ್ಪು ಸೀರೆಯಾಗುವಷ್ಟರಲ್ಲಿ ಕನಕಪುರದ ಹೆಸರು ಅದರ ಮೇಲೆ ಉಳಿದಿರುವುದಿಲ್ಲ. ಹಾಗಾಗಿ ‘ಬಣ್ಣವನ್ನೂ ನೇಯ್ಗೆಯನ್ನೂ ಇಲ್ಲೇ ಮಾಡಿದರೆ ಲಾಭವೆಲ್ಲ ಇಲ್ಲೇ ಉಳಿಯುತ್ತದಲ್ಲ’ ಎಂಬ ಮಾತು ಹುಟ್ಟಿದ್ದು ಸಹಜವೇ. ಆಸೆ ತಪ್ಪಲ್ಲ. ಆದರೆ ಅದರ ಹೊರೆಯನ್ನು ಯಾರ ತಲೆಯ ಮೇಲೆ ಹೊರಿಸುತ್ತಿದ್ದೇವೆ ಎಂಬುದರಲ್ಲಿ ನಮ್ಮ ತಕರಾರಿದೆ.

ಹುಳುವಿನ ಲೆಕ್ಕವನ್ನೇ ಮೊದಲು ನೋಡೋಣ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು ಇಪ್ಪತ್ತೈದು ದಿನ, ನಡುವೆ ನಾಲ್ಕು ಜ್ವರ. ಈಗ ಚಾಕಿ ಕೇಂದ್ರಗಳಿಂದ ಎರಡನೆಯ ಜ್ವರ ಎದ್ದ ಹುಳುವನ್ನೇ ತರುವುದರಿಂದ ಮೊದಲ ವಾರದ ಕಷ್ಟ ತಪ್ಪಿದೆ. ಕಡ್ಡಿಸಮೇತ ಸೊಪ್ಪು ಹಾಕುವ ಪದ್ಧತಿ ಬಂದ ಮೇಲೆ ಎಲೆ ಬಿಡಿಸುವ, ತಟ್ಟೆ ತೊಳೆಯುವ ಶ್ರಮವೂ ಇಳಿದಿದೆ. ಇದನ್ನು ಒಪ್ಪಲೇಬೇಕು. ಆದರೆ ಹುಳು ಇಡೀ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ತಿನ್ನುವುದು ನಾಲ್ಕನೆಯ ಜ್ವರ ಎದ್ದ ಮೇಲಿನ ಕೊನೆಯ ಒಂದು ವಾರದಲ್ಲಿ. ನೂರು ಮೊಟ್ಟೆ ಸಾಕಿದವರು ಒಟ್ಟು ಒಂದು ಟನ್ನಿನಷ್ಟು ಸೊಪ್ಪು ಕೊಯ್ದು, ಹೊತ್ತು, ಹಾಕಬೇಕು. ಮುಂಜಾನೆ ಕೊಯ್ಲು, ರಾತ್ರಿ ಊಟವಾದ ಮೇಲೆ ಮತ್ತೊಂದು ಸಲ ಸೊಪ್ಪು. ಹಾಲುತೊಂಡೆ ಬಂದಿದೆಯೋ, ಸಪ್ಪೆರೋಗ ಬಂದಿದೆಯೋ, ಉಜಿ ನೊಣ ನುಗ್ಗಿದೆಯೋ ಎಂದು ನೋಡುತ್ತಿರಬೇಕು. ಹುಳು ಹಣ್ಣಾದ ದಿನವಂತೂ ಮನೆಮಂದಿಯೆಲ್ಲ ಸೇರಿ ಆರಿಸಿ ಚಂದ್ರಿಕೆಗೆ ಬಿಡಬೇಕು; ಅದು ನಾಳೆಗೆ ಕಾಯುವ ಕೆಲಸವಲ್ಲ. ಮದುವೆಗೆ ಬರಲಿಲ್ಲವೇಕೆ ಎಂದರೆ ‘ಮನೇಲಿ ಹುಳ ಐತೆ’ ಎನ್ನುತ್ತಾರೆ, ಬೀಗರು ಮರುಮಾತಾಡುವುದಿಲ್ಲ. ಮದುವೆಯೂಟವನ್ನು ಬಿಡಿಸುವ ಈ ಕೆಲಸ ಮಗ್ಗಕ್ಕೆ ಹೊತ್ತು ಬಿಟ್ಟುಕೊಡುತ್ತದೆಂದು ನಂಬುವವರು ಹುಳುಮನೆಯ ಹೊಸಿಲು ದಾಟಿದವರಲ್ಲ.

ಬೆಳೆ ಮುಗಿದ ಮೇಲೆ? ಮತ್ತೊಂದು ಬೆಳೆ. ಬೋರ್‌ವೆಲ್ ನೀರಿದ್ದರೆ ಹಿಪ್ಪುನೇರಳೆ ವರ್ಷಕ್ಕೆ ಐದು ಬೆಳೆ ಸೊಪ್ಪು ಕೊಡುತ್ತದೆ. ನಡುವೆ ಸಿಗುವ ದಿನಗಳಲ್ಲಿ ಹುಳುಮನೆ ತೊಳೆದು ಸೋಂಕು ತೆಗೆಯಬೇಕು, ತೋಟಕ್ಕೆ ಗೊಬ್ಬರ ಹಾಕಬೇಕು, ಕಳೆ ಕೀಳಬೇಕು. ಇದರ ಜೊತೆಗೆ ಹಸು. ದಿನಕ್ಕೆ ಎರಡು ಸಲ ಡೇರಿಗೆ ಹಾಲು ಹೋಗಬೇಕು, ಭಾನುವಾರವೆಂದೂ ಇಲ್ಲ, ಹಬ್ಬವೆಂದೂ ಇಲ್ಲ. ಇದರ ಮೇಲೆ ಮುದ್ದೆ, ಸಾರು, ಮಕ್ಕಳು, ಮುದುಕರು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡುವ ಸಮಯ ಸರಾಸರಿ 289 ನಿಮಿಷ. ಆ ಕೆಲಸಕ್ಕೆ ಕೈಹಾಕುವ ಗಂಡಸರದು 88 ನಿಮಿಷ. ಆರು ವರ್ಷ ದಾಟಿದ ಎಲ್ಲರನ್ನೂ ಸೇರಿಸಿದ ಲೆಕ್ಕವಿದು. ಹುಳು, ಹಸು, ಹೊಲ ಇದರಲ್ಲಿಲ್ಲ. ಅಂದರೆ ಬಿಡುವು ಎಂಬುದು ಈ ಮನೆಗಳಲ್ಲಿ ಯಾರ ಬಳಿಯಾದರೂ ಇದ್ದರೆ ಅದು ಸಂಜೆ ಅರಳಿಕಟ್ಟೆಯ ಮೇಲೆ ಕುಳಿತವರ ಬಳಿ ಇದೆ. ಅವರಿಗೆ ಲಾಳಿ ಹಿಡಿಯಿರಿ ಎಂದು ಯಾವ ಶಿಬಿರವೂ ಹೇಳುವುದಿಲ್ಲ!

ಈ ‘ಬಿಡುವಿನ ವೇಳೆ’ಯ ಮಾತಿಗೆ ದೊಡ್ಡ ಹಿನ್ನೆಲೆಯೊಂದಿದೆ. ಗಾಂಧೀಜಿ ಚರಕವನ್ನು ರೈತನ ಮುಂದಿಟ್ಟಾಗ ಅವರ ವಾದ ಸ್ಪಷ್ಟವಾಗಿತ್ತು. ಮಳೆ ನಂಬಿದ ಬೇಸಾಯಗಾರನಿಗೆ ವರ್ಷದಲ್ಲಿ ಹಲವು ತಿಂಗಳು ಕೆಲಸವಿರುವುದಿಲ್ಲ, ಆ ತಿಂಗಳುಗಳಲ್ಲಿ ಹಸಿವಿರುತ್ತದೆ, ಆದ್ದರಿಂದ ನೂಲಿರಿ. ನಂಜನಗೂಡು ತಾಲ್ಲೂಕಿನ ಬದನವಾಳುವಿನ ಖಾದಿ ಕೇಂದ್ರ ಹುಟ್ಟಿದ್ದೂ ಅಂಥ ಹಳ್ಳಿಯ ಬಡತನದ ನಡುವೆ. ಗಾಂಧೀಜಿ 1927ರಲ್ಲಿ ಅಲ್ಲಿಗೆ ಬಂದಿದ್ದರು. ಕನಕಪುರದ ರಾಗಿ ಹೊಲಗಳಿಗೂ ಒಂದು ಕಾಲಕ್ಕೆ ಆ ವಾದ ಒಪ್ಪುತ್ತಿತ್ತು. ಆಷಾಢದಲ್ಲಿ ಬಿತ್ತಿ, ಕಾರ್ತಿಕ ಮಾರ್ಗಶಿರದಲ್ಲಿ ಕೊಯ್ದು, ಸಂಕ್ರಾಂತಿಯ ಸುಮಾರಿಗೆ ಕಣ ಮುಗಿದರೆ ಮುಂದೆ ಮುಂಗಾರಿನವರೆಗೆ ಕೈ ಖಾಲಿ. ಆ ಖಾಲಿತನವನ್ನು ಬೋರ್‌ವೆಲ್ ತುಂಬಿಸಿತು, ಹಿಪ್ಪುನೇರಳೆ ತುಂಬಿಸಿತು, ಸೀಮೆಹಸು ತುಂಬಿಸಿತು. ಕೈಗೆ ಸ್ವಲ್ಪ ಹಣವೂ ಬಂತು, ಸುಳ್ಳಲ್ಲ. ಆದರೆ ಗಾಂಧೀಜಿಯ ವಾದ ನಿಂತಿದ್ದ ನೆಲವೇ ಇಂದು ಇಲ್ಲವಾಗಿರುವಾಗ ಅವರ ಮಾತನ್ನು ಮಾತ್ರ ಎತ್ತಿಕೊಂಡು ಬಂದು ಹೆಂಗಸರ ಮುಂದೆ ಇಡುವುದು ಗಾಂಧೀವಾದವಲ್ಲ, ಸೋಗು.

ಇನ್ನು ನೇಯ್ಗೆ, ಬಣ್ಣ. ಇವನ್ನು ಟಿ.ವಿ. ನೋಡುತ್ತ ಹೂ ಕಟ್ಟಿದ ಹಾಗೆ ಮಾಡಬಹುದೆಂದು ತಿಳಿದವರು ಬಹಳ ಮಂದಿ. ರೇಷ್ಮೆ ನೂಲಿಗೆ ಬಣ್ಣ ಹಿಡಿಯಬೇಕಾದರೆ ಮೊದಲು ಅದರ ಅಂಟು ಹೋಗಬೇಕು. ನೂಲಿನ ತೂಕದಲ್ಲಿ ಶೇಕಡ 20ರಿಂದ 25ರಷ್ಟು ಬರೀ ಅಂಟು. ಸೋಪು ಸೋಡದ ನೀರಿನಲ್ಲಿ ಕುದಿಸಿ, ತೊಳೆದು, ಮತ್ತೆ ತೊಳೆಯಬೇಕು. ಗಿಡಮೂಲದ ಬಣ್ಣವಾದರೆ ಪಟಿಕದಲ್ಲಿ ನೆನೆಸಬೇಕು. ಮಂಜಿಷ್ಠವೋ ಅರಗೋ ದಾಳಿಂಬೆ ಸಿಪ್ಪೆಯೋ, ಅದನ್ನು ಹದವಾದ ಬಿಸಿಯಲ್ಲಿಟ್ಟು ಲಡಿಗಳನ್ನು ತಿರುವುತ್ತಲೇ ಇರಬೇಕು. ನಡುವೆ ಕರು ಕೂಗಿತೆಂದು ಎದ್ದುಹೋದರೆ ಲಡಿಯ ಒಂದು ಮಗ್ಗುಲು ಕಡು, ಇನ್ನೊಂದು ತಿಳಿ. ಅಂಥ ನೂಲಿನಲ್ಲಿ ನೇಯ್ದ ಸೀರೆಯನ್ನು ವ್ಯಾಪಾರಿ ಎರಡನೇ ದರ್ಜೆಗೆ ತಳ್ಳುತ್ತಾನೆ. ನೀಲಿಯ ಹಂಡೆಯಂತೂ ಹಸುವಿನಷ್ಟೇ ಜೀವವಿರುವ ವಸ್ತು. ದಿನವೂ ನೋಡಬೇಕು, ಉಣಿಸಬೇಕು, ಬೆಚ್ಚಗಿಡಬೇಕು, ಮರೆತರೆ ಸಾಯುತ್ತದೆ. ಮಗ್ಗಕ್ಕೆ ಬಂದರೆ ಹಾಸು ಹೂಡುವಾಗ ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಸೊಪ್ಪು ಕೊಯ್ದ ಕೈ ಒರಟಾಗಿರುತ್ತದೆ, ಒರಟು ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಂಡು ಕಿತ್ತುಬರುತ್ತದೆ. ನೇಯುವವಳ ಕೈ ಬೇರೆ, ಹುಳು ಸಾಕುವವಳ ಕೈ ಬೇರೆ. ಇದು ಜಾತಿಯ ಮಾತಲ್ಲ, ಚರ್ಮದ ಮಾತು.

ಹಾಗಾದರೆ ಬೇಸಾಯದೊಡನೆ ನೇಯ್ಗೆ ಎಂದೂ ಕೂಡಿ ನಡೆದೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ನಡೆದಿದೆ. ಚಳ್ಳಕೆರೆಯ ಕಡೆ ಕುರುಬರು ಕುರಿ ಮೇಯಿಸಿಕೊಂಡೇ ಕಂಬಳಿ ನೇಯ್ದವರು. ಉಣ್ಣೆ ಕತ್ತರಿಸಿ ಚೀಲಕ್ಕೆ ತುಂಬಿಟ್ಟರೆ ಅದು ಕಾಯುತ್ತದೆ. ಹೆಂಗಸರು ಆದಾಗ ನೂಲುತ್ತಾರೆ. ಕರಿ ಉಣ್ಣೆಗೆ ಬಣ್ಣದ ಹಂಗಿಲ್ಲ. ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹಾಕಿದರೆ ಕಂಬಳಿ ಸಿದ್ಧ. ಅಲ್ಲಿ ಕಸುಬು ಮನುಷ್ಯನಿಗಾಗಿ ಕಾಯುತ್ತದೆ. ರೇಷ್ಮೆ ಕಾಯುವುದಿಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬಂದುಬಿಡುತ್ತದೆ, ತೂತಾದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಹೀಗಾಗಿ ರೈತ ಗೂಡು ಬಿಡಿಸಿದ ಮರುದಿನವೇ ಮಾರುಕಟ್ಟೆಗೆ ಓಡುತ್ತಾನೆ, ಅಂದಿನ ದರಕ್ಕೆ ಕೊಟ್ಟು ಬರುತ್ತಾನೆ. ಬೇಸಾಯಕ್ಕೂ ಕೈಕಸುಬಿಗೂ ಹೊಂದಿಕೆಯಾಗುತ್ತದೆಯೇ ಎಂಬುದು ಹೆಂಗಸಿನ ಜಾಣತನವನ್ನಾಗಲೀ ಸಹನೆಯನ್ನಾಗಲೀ ಅವಲಂಬಿಸಿಲ್ಲ. ಆ ವಸ್ತು ಕಾಯುತ್ತದೆಯೇ, ಅದನ್ನು ಕಾಯಿಸಲು ಬೇಕಾದ ಅನುಕೂಲ ಊರಿನಲ್ಲಿದೆಯೇ ಎಂಬುದೇ ಮುಖ್ಯ. ಗೂಡು ಒಣಗಿಸಿಡುವ ಯಂತ್ರ ಪ್ರತಿ ಹೋಬಳಿಯಲ್ಲಿ ರೈತರ ಕೈಯಲ್ಲಿದ್ದರೆ ಕತೆಯೇ ಬೇರೆ. ಅದನ್ನು ಕೊಡುವುದು ಬಿಟ್ಟು ಭಾಷಣ ಕೊಡುತ್ತಾರೆ.

ಬಣ್ಣಕ್ಕೆ ನೀರು ಬೇಕು, ಅದೂ ಮೆದು ನೀರು. ಸುಣ್ಣ ಕಬ್ಬಿಣ ತುಂಬಿದ ಬೋರ್‌ವೆಲ್ ನೀರಿಗೆ ಬಣ್ಣ ಮಂಕಾಗುತ್ತದೆ. ಅಳಲೆಕಾಯಿ, ದಾಳಿಂಬೆ ಸಿಪ್ಪೆಯ ಹಳದಿಗೆ ಕಬ್ಬಿಣದಂಶ ತಗುಲಿದರೆ ಕಪ್ಪಿಗೆ ತಿರುಗುತ್ತದೆ. ನದಿಯಿಲ್ಲವೇ? ಇದೆ, ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುವ ನದಿ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟಿದ್ದೇ ಇದು, 1894ರ ಹೆಸರಘಟ್ಟ ಕೆರೆಯಿಂದ, ಆಮೇಲೆ ತಿಪ್ಪಗೊಂಡನಹಳ್ಳಿಯಿಂದ. ಕುಡಿದ ಊರು ತಿರುಗಿ ಕೊಟ್ಟಿದ್ದೇನು? ವೃಷಭಾವತಿಯ ಹೊಟ್ಟೆಯಲ್ಲಿ ಚರಂಡಿ ನೀರನ್ನೂ ಕಾರ್ಖಾನೆಗಳ ವಿಷವನ್ನೂ ತುಂಬಿ, ಬೈರಮಂಗಲದ ಕೆರೆಯ ಮೂಲಕ ಅದೇ ಅರ್ಕಾವತಿಗೆ ಬಿಟ್ಟಿತು. ಕನಕಪುರಕ್ಕೆ ಬರುವುದು ಆ ನೀರು. ಇತ್ತ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೇಲೆ ಬೆಂಗಳೂರಿಗೆ ಕಾವೇರಿ ನೀರು ಏರಿಸುವ ದೊಡ್ಡ ಕೊಳವೆಗಳು ಈ ಸೀಮೆಯ ಮಗ್ಗುಲಲ್ಲೇ ಹಾದುಹೋಗುತ್ತವೆ. ಒಳ್ಳೆಯ ನೀರು ಮೇಲಕ್ಕೆ, ಕೊಳೆ ನೀರು ಕೆಳಕ್ಕೆ. ಈ ವ್ಯವಸ್ಥೆಯನ್ನು ಮುಟ್ಟದೆ ‘ಸಹಜ ಬಣ್ಣ’ದ ಬಗ್ಗೆ ರೈತ ಮಹಿಳೆಗೆ ಪಾಠ ಹೇಳುವವರಿಗೆ ನಾಚಿಕೆಯಾಗಬೇಕು. ರಾಸಾಯನಿಕ ಬಣ್ಣವನ್ನು ಮನೆಮನೆಯಲ್ಲಿ ಹಾಕಿಸಿ ಬಚ್ಚಲ ನೀರನ್ನು ಮೋರಿಗೆ ಬಿಡಿಸಿದರಂತೂ ಇದ್ದ ಬಾವಿಯೂ ಹೋಗುತ್ತದೆ.

‘ಮನೆಯಲ್ಲೇ ಮಾಡುವ ಕಸುಬು’ ಎಂಬ ಮಾತಿನ ಇನ್ನೊಂದು ಮುಖವನ್ನು ರಾಮನಗರ, ಮಾಗಡಿಗಳು ಆಗಲೇ ಕಂಡಿವೆ. ನೂಲು ಬಿಚ್ಚುವ ಚರಕ, ಬೇಸಿನ್‌ಗಳೂ ಹುರಿ ಮಿಷನ್ನುಗಳೂ ಮನೆಯ ಹಿತ್ತಲಿನ ಶೆಡ್ಡುಗಳಲ್ಲೇ ನಡೆದವು. ಮನೆ ಎಂದ ಕೂಡಲೇ ಕಾನೂನಿನ ಕಣ್ಣು ಮಂಜಾಗುತ್ತದೆ. ಕೊತಕೊತ ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುತ್ತ ಬೆರಳು ಬೆಂದವರು, ಹಬೆಯಲ್ಲಿ ಹುಳದ ನಾತದಲ್ಲಿ ದಮ್ಮು ಹತ್ತಿಸಿಕೊಂಡವರು, ಮುಂಗಡದ ಸಾಲಕ್ಕೆ ಜೀತವಿದ್ದ ಮಕ್ಕಳು - ಇವರಲ್ಲಿ ಬಹುಪಾಲು ದಲಿತರು, ಬಡ ಮುಸ್ಲಿಮರು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿ ಕರ್ನಾಟಕದ ರೇಷ್ಮೆ ನೂಲಿನ ಹಿಂದಿದ್ದ ಮಕ್ಕಳ ಜೀತವನ್ನು ಜಗತ್ತಿನ ಮುಂದಿಟ್ಟಿತು. ಶೆಡ್ಡುಗಳ ಮಾಲೀಕರಲ್ಲೂ ಮುಸ್ಲಿಮರಿದ್ದರು, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಅವರಲ್ಲಿ ಹೆಚ್ಚಿನವರು ತಾವೇ ಸಾಲದ ಮೇಲೆ ಗೂಡು ಕೊಳ್ಳುವ, ದರ ಬಿದ್ದ ವಾರ ಮುಳುಗುವ ಸಣ್ಣ ಮಾಲೀಕರೆಂಬುದೂ ನಿಜ. ಆದರೆ ಅದು ಮಗುವಿನ ಬೆರಳಿಗೆ ಉತ್ತರವಲ್ಲ. ಗಂಟೆಯ ಲೆಕ್ಕವಿಲ್ಲದ, ಕೂಲಿಯ ಲೆಕ್ಕವಿಲ್ಲದ ಕೆಲಸವನ್ನು ಮನೆಯೊಳಗೆ ತಂದಿಟ್ಟರೆ ಮೊದಲು ಅದಕ್ಕೆ ಬಲಿಯಾಗುವುದು ಆ ಮನೆಯ ಅತಿ ದುರ್ಬಲ ಜೀವ. ರೈತನ ಮನೆಗೆ ಮಗ್ಗವನ್ನೂ ಬಣ್ಣದ ಹಂಡೆಯನ್ನೂ ‘ಉಪಕಸುಬಾಗಿ’ ತಂದಿಟ್ಟರೆ ಅಲ್ಲಿ ಮಗಳು ಶಾಲೆ ಬಿಟ್ಟು ಕಂಡಿಕೆ ಸುತ್ತುವುದಿಲ್ಲವೆಂದು ಯಾರು ಜಾಮೀನು ಕೊಡುತ್ತಾರೆ?

ಇತ್ತೀಚೆಗೆ ಕನಕಪುರ ರಸ್ತೆಯಲ್ಲಿ ಬೇರೊಂದು ಬಗೆಯ ಬೇಸಾಯಗಾರರು ಕಾಣಿಸುತ್ತಿದ್ದಾರೆ. ಬೇಸಾಯಗಾರರಲ್ಲದವರು ಜಮೀನು ಕೊಳ್ಳುವುದಕ್ಕಿದ್ದ ತಡೆಯನ್ನು ಭೂಸುಧಾರಣಾ ಕಾಯಿದೆಯ 2020ರ ತಿದ್ದುಪಡಿ ತೆಗೆದುಹಾಕಿದ ಮೇಲೆ ಹಾದಿ ಇನ್ನಷ್ಟು ಸಲೀಸಾಯಿತು. ಅರ್ಧ ಎಕರೆ ತೋಟ, ಹೆಂಚಿನ ಮನೆ, ಜಗಲಿಯ ಮೇಲೊಂದು ಮಗ್ಗ, ಮಣ್ಣಿನ ಮಡಕೆಯಲ್ಲಿ ನೀಲಿ. ಶನಿವಾರ ಭಾನುವಾರ ನೇಯ್ಗೆ, ಸೋಮವಾರ ಕಚೇರಿ. ಇದರಲ್ಲಿ ಕೆಡುಕೇನಿಲ್ಲ, ಕೈಯಲ್ಲಿ ನೇಯಲು ಕಲಿತವರು ನೇಕಾರನ ಬೆವರಿಗೆ ಬೆಲೆ ಕೊಟ್ಟಾರು ಎಂಬ ಆಸೆಯೂ ನಮಗಿದೆ. ಆದರೆ ಅವರು ತೋಟ, ಮಗ್ಗ, ಬಣ್ಣ, ಸಂಸಾರ ಎಲ್ಲವನ್ನೂ ಸರಿದೂಗಿಸಬಹುದು ಎಂದು ಊರಿಗೆ ಉಪದೇಶ ಮಾಡಲು ಹೊರಟರೆ ಸುಮ್ಮನಿರಲಾಗದು. ಅವರ ತೂಕವನ್ನು ಸರಿದೂಗಿಸುತ್ತಿರುವುದು ತಿಂಗಳ ಸಂಬಳ, ಮತ್ತು ಅವರ ಅಂಗಳ ಗುಡಿಸಿ ಗಿಡಕ್ಕೆ ನೀರು ಹಾಕುವ ಪಕ್ಕದೂರಿನ ಹೆಂಗಸು. ಆ ಹೆಂಗಸಿನ ಮನೆಯ ತಕ್ಕಡಿಯಲ್ಲಿ ಇನ್ನೊಂದು ತಟ್ಟೆಗೆ ಇಡಲು ಏನೂ ಇಲ್ಲ.

ದೆಹಲಿಯ ಪಾಲನ್ನೂ ಹೇಳಬೇಕು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಚೀನಾದ ನೂಲು ನುಗ್ಗಿತು, ಗೂಡಿನ ದರ ಕುಸಿಯಿತು, ರಾಮನಗರದಲ್ಲಿ ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು, ಆಮೇಲೆ ಇಳಿಯಿತು, 2021ರಲ್ಲಿ ಮತ್ತೆ ಶೇ. 15 ಆಯಿತು. ಹೀಗೆ ಏರಿಳಿಯುವ ಹಗ್ಗದ ಮೇಲೆ ನಡೆಯುವ ರೈತನಿಗೆ ಸಮತೋಲನದ ಪಾಠ! ಕೈಮಗ್ಗದ ವಿಚಾರದಲ್ಲೂ ಅಷ್ಟೆ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನವೆಂದು 2015ರಲ್ಲಿ ಘೋಷಿಸಿದರು. 2020ರಲ್ಲಿ ಆ ದಿನಕ್ಕೆ ಎರಡು ವಾರವೂ ಇಲ್ಲದಾಗ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ಮುಚ್ಚಿದರು. 2019-20ರ ಕೈಮಗ್ಗ ಗಣತಿಯಂತೆ ದೇಶದ ಕೈಮಗ್ಗ ನೇಕಾರರಲ್ಲಿ ಶೇ. 72 ಮಂದಿ ಮಹಿಳೆಯರು, ಮತ್ತು ಮೂರರಲ್ಲಿ ಎರಡು ಪಾಲಿನಷ್ಟು ನೇಕಾರ ಕುಟುಂಬಗಳ ತಿಂಗಳ ಗಳಿಕೆ 5,000 ರೂಪಾಯಿಗಿಂತ ಕಡಿಮೆ. ಪೂರ್ತಿ ಹೊತ್ತು ನೇಯುವವರನ್ನೂ ಸೇರಿಸಿದ ಗಳಿಕೆಯೇ ಇಷ್ಟಾದರೆ, ಹುಳು ಸಾಕಿ ಹಾಲು ಕರೆದು ಉಳಿದ ಅರೆಗಳಿಗೆಯಲ್ಲಿ ನೇಯುವವಳಿಗೆ ಸಿಗುವುದೆಷ್ಟು ಎಂದು ಓದುಗರೇ ಲೆಕ್ಕ ಹಾಕಲಿ. ಅಷ್ಟಕ್ಕಾಗಿ ಅವಳ ನಿದ್ದೆ ಕೇಳುತ್ತಿದ್ದೇವೆ.

ಬೇರೆ ದಾರಿಯಿಲ್ಲವೇ? ಇದೆ, ಕರ್ನಾಟಕದಲ್ಲೇ ಇದೆ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರೊಡನೆ ಹಳ್ಳಿಯ ಹೆಂಗಸರು ಕಟ್ಟಿದ ‘ಚರಕ’ ಸಹಕಾರ ಸಂಘವನ್ನು ನೋಡಿ. ಅಲ್ಲಿ ಮಗ್ಗ ಅಡುಗೆಮನೆಯ ಮೂಲೆಯಲ್ಲಿಲ್ಲ. ಹೆಂಗಸರು ಮನೆಯಿಂದ ಹೊರಟು ಕೆಲಸದ ಜಾಗಕ್ಕೆ ಬರುತ್ತಾರೆ, ನೇಯುತ್ತಾರೆ, ಅಡಿಕೆಯ ಚೊಗರು ಮುಂತಾದವುಗಳಿಂದ ನೂಲಿಗೆ ಬಣ್ಣ ಹಾಕುತ್ತಾರೆ, ಕೂಲಿ ಪಡೆದು ಮನೆಗೆ ಹೋಗುತ್ತಾರೆ. ಬಣ್ಣದ ಹಂಡೆ ಕಾಯುವವಳಿಗೆ ಹಂಡೆಯೇ ಕೆಲಸ. ಕೆಲಸಕ್ಕೊಂದು ಹೊತ್ತು, ಹೊತ್ತಿಗೊಂದು ಬೆಲೆ. ಬೇಸಾಯಕ್ಕೂ ನೇಯ್ಗೆಗೂ ಹೊಂದಿಕೆ ಒಬ್ಬಳ ಮೈಯೊಳಗೆ ಆಗದಿದ್ದರೂ ಒಂದು ಊರಿನೊಳಗೆ ಆಗಬಹುದೆಂಬುದಕ್ಕೆ ಅದು ಸಾಕ್ಷಿ. ಅಂಥ ಸಂಸ್ಥೆಯೂ 2020ರಲ್ಲಿ ತಾನು ಸಂಕಷ್ಟದಲ್ಲಿದ್ದೇನೆಂದು ಬಹಿರಂಗವಾಗಿ ಸಾರಬೇಕಾಯಿತು ಎಂಬುದು ಆ ದಾರಿಯ ಸೋಲಲ್ಲ. ಕೈಯಿಂದ ಮಾಡಿದ ವಸ್ತುವಿಗೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನ ಮತ್ತು ಸಂಗಡಿಗರು ಸತ್ಯಾಗ್ರಹ ಮಾಡಿದಾಗ ಕಿವುಡಾದ ಪ್ರಭುತ್ವದ ಹೊಣೆ ಅದರಲ್ಲಿದೆ.

ಆದ್ದರಿಂದ ಕನಕಪುರದ ಸೀಮೆಯಲ್ಲಿ ನಿಜಕ್ಕೂ ನೇಯ್ಗೆ, ಬಣ್ಣ ತರುವ ಮನಸ್ಸಿದ್ದವರು ಮೊದಲು ‘ಉಪಕಸುಬು’ ಎಂಬ ಪದವನ್ನು ಕಡತದಿಂದ ಹೊಡೆದುಹಾಕಲಿ. ಸಾತನೂರಿನಲ್ಲೋ ಕೋಡಿಹಳ್ಳಿಯಲ್ಲೋ ಹೋಬಳಿಗೊಂದು ಮಗ್ಗದ ಮನೆ ಕಟ್ಟಲಿ, ಅದರಲ್ಲಿ ಪೂರ್ತಿ ಹೊತ್ತಿನ ಕೆಲಸಕ್ಕೆ ಕನಿಷ್ಠ ಕೂಲಿ ಕೊಡಲಿ. ಜಮೀನಿಲ್ಲದ, ಹುಳುವಿಲ್ಲದ ಮನೆಗಳ ಹೆಂಗಸರಿಗೆ, ಬಿಚ್ಚಾಣಿಕೆ ಶೆಡ್ಡು ಮುಚ್ಚಿ ಕೈಕಟ್ಟಿ ಕುಳಿತ ಮುಸ್ಲಿಂ ಕೇರಿಯ ಹೆಂಗಸರಿಗೆ ಅಲ್ಲಿ ಮೊದಲ ಹಕ್ಕಿರಲಿ. ಬಣ್ಣದ ಮನೆಗೆ ಮೆದು ನೀರು, ಹೊರಬಂದ ನೀರನ್ನು ತಿಳಿಗೊಳಿಸುವ ಏರ್ಪಾಟು ಇಲ್ಲದೆ ಒಂದು ಹಂಡೆಯನ್ನೂ ಒಲೆಗೇರಿಸಬಾರದು. ಹುಳುಮನೆಯ ರೈತ ಮಹಿಳೆಗೆ ಮಗ್ಗ ಬೇಡ, ಗೂಡು ಒಣಗಿಸಿ ಒಳ್ಳೆಯ ದರಕ್ಕೆ ಕಾಯುವ ಅನುಕೂಲ ಬೇಕು. ಅದು ಅವಳ ಹೆಸರಿನಲ್ಲಿರಲಿ, ಗೂಡಿನ ಹಣ ಅವಳ ಖಾತೆಗೂ ಬರಲಿ. ಇನ್ನು ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯಿದೆಯಿದೆಯಲ್ಲ, ಮೊದಲಿದ್ದ 22 ಬಗೆಗಳನ್ನು 11ಕ್ಕೆ ಇಳಿಸಿದ ಮೇಲೂ ಉಳಿದಿರುವ ಆ ಕಾಯಿದೆಯನ್ನು ಜಿಲ್ಲಾಡಳಿತ ಕೊನೆಯ ಸಲ ಯಾವಾಗ ಜಾರಿ ಮಾಡಿತು, ಎಷ್ಟು ವಿದ್ಯುತ್ ಮಗ್ಗಗಳ ಮೇಲೆ ಮೊಕದ್ದಮೆ ಹೂಡಿತು? ಇದನ್ನು ಮಾಹಿತಿ ಹಕ್ಕಿನಡಿ ಕೇಳುವ ಕೆಲಸವನ್ನು ಕನಕಪುರದ ಓದುಗ ಮಿತ್ರರು ಕೈಗೆತ್ತಿಕೊಳ್ಳಬೇಕು. ಬಂದ ಉತ್ತರವನ್ನು ಈ ಪುಟಗಳಲ್ಲಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.